ಏಳು ಮೋಟರ್‌ಗಳ ಲೆಗೊ ಎಕ್ಸ್‌ಕವೇಟರ್ ಕಟ್ಟುವ ಬಗೆ

ಬಿಡಿಭಾಗಗಳನ್ನು ಜೋಡಿಸಿ ಯಂತ್ರ ಕಟ್ಟುವ ಲೆಗೊ ಟೆಕ್ನಿಕ್ ಆಟಿಕೆ ಸರಣಿಯಲ್ಲಿ 2019ರಲ್ಲಿ ಬಂದ 42100 ಸಂಖ್ಯೆಯ ಸೆಟ್‌ನಲ್ಲಿ 4108 ಬಿಡಿಭಾಗಗಳು, ಏಳು ಮೋಟರ್‌ಗಳು ಮತ್ತು ಅವುಗಳನ್ನು ನಡೆಸುವ ಎರಡು ಬ್ಯಾಟರಿ ಹಬ್‌ಗಳಿವೆ. ಕಟ್ಟಿ ಮುಗಿಸಿದಾಗ ಅದು 39 ಸೆಂಟಿಮೀಟರ್ ಎತ್ತರ, 65 ಸೆಂಟಿಮೀಟರ್ ಉದ್ದ ಮತ್ತು 27 ಸೆಂಟಿಮೀಟರ್ ಅಗಲದ ಅಗೆಯುವ ಯಂತ್ರವಾಗುತ್ತದೆ. ಗಣಿಗಳಲ್ಲಿ ದುಡಿಯುವ ಲೀಬ್‌ಹೆರ್ ಆರ್ 9800 ಎಂಬ ನಿಜವಾದ ಯಂತ್ರದ ಪ್ರತಿರೂಪ ಇದು. ಫ್ರಾನ್ಸ್‌ನ ಕೋಲ್ಮಾರ್‌ನಲ್ಲಿ ತಯಾರಾಗುವ ಆ ಯಂತ್ರದ ತೂಕ ಸುಮಾರು 800 ಟನ್. ಅದರ ಬಕೆಟ್ ಒಂದು ಸಲಕ್ಕೆ ಸುಮಾರು 42 ಘನ ಮೀಟರ್ ಕಲ್ಲುಮಣ್ಣನ್ನು ಎತ್ತುತ್ತದೆ.

ಇಷ್ಟು ದೊಡ್ಡ ಮಾದರಿಯನ್ನು ಕಟ್ಟುವಾಗ ಎಡವುವುದು ಸಾಮಾನ್ಯವಾಗಿ ಕಷ್ಟದ ಹೆಜ್ಜೆಗಳಲ್ಲಿ ಅಲ್ಲ. ಕೈಪಿಡಿಯ ಚಿತ್ರಗಳು ಸ್ಪಷ್ಟವಾಗಿವೆ, ಒಂದೊಂದು ಹೆಜ್ಜೆಯೂ ಸಣ್ಣದು. ತೊಂದರೆ ಬರುವುದು ಸುಲಭವೆಂದು ಗಮನಿಸದೆ ಬಿಟ್ಟ ಜಾಗಗಳಿಂದ: ಅರ್ಧ ರಂಧ್ರದಷ್ಟು ಒಳಗೆ ಸರಿದ ಒಂದು ಆಕ್ಸಲ್ (ಗಿಯರ್‌ಗಳನ್ನು ಹೊತ್ತು ತಿರುಗುವ ಕೋಲು), ಬೇರೆ ಬಣ್ಣದ ಒಂದು ಪಿನ್ (ಭಾಗಗಳನ್ನು ಸೇರಿಸುವ ಸಣ್ಣ ಗೂಟ), ಗಿಯರಿನ ಪಕ್ಕದಲ್ಲಿ ಸಿಕ್ಕಿಕೊಂಡ ಒಂದು ತಂತಿ. ನಾನು ಮೊದಲ ಸಲ ಕಟ್ಟಿದಾಗ ಎಡಗಡೆಯ ಚೈನ್ ಓಡದೆ ನಿಂತಿತು. ಕಾರಣ ಹುಡುಕಲು ಎರಡು ಸಂಜೆಗಳ ಕೆಲಸವನ್ನು ಪೂರ್ತಿ ಬಿಚ್ಚಬೇಕಾಯಿತು. ಒಳಗೆ ಒಂದು ಬುಷ್ (ಆಕ್ಸಲ್ ಮೇಲೆ ಕೂರುವ ಸಣ್ಣ ಬಳೆ) ಪಕ್ಕದ ಬೀಮಿಗೆ, ಅಂದರೆ ರಂಧ್ರಗಳಿರುವ ಪಟ್ಟಿಗೆ, ಒತ್ತಿ ಕೂತಿತ್ತು, ಅಷ್ಟೆ. ಅಂದಿನಿಂದ ನಾನು ಒಂದು ಕ್ರಮವನ್ನು ಬಿಡದೆ ಪಾಲಿಸುತ್ತಿದ್ದೇನೆ: ಯಾವುದೇ ಗಿಯರ್ ಸಾಲನ್ನು ಬೀಮು ಅಥವಾ ಪ್ಯಾನೆಲ್ ಹಾಕಿ ಮುಚ್ಚುವ ಮೊದಲು ಅದನ್ನು ಕೈಯಿಂದ ತಿರುಗಿಸಿ ನೋಡುತ್ತೇನೆ. ಈ ಲೇಖನದ ಎಲ್ಲ ಹಂತಗಳಲ್ಲೂ ಆ ಕ್ರಮವೇ ಮತ್ತೆ ಮತ್ತೆ ಬರುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು

ಈ ಸೆಟ್‌ನ ತಯಾರಿಕೆ ನಿಂತಿರುವುದರಿಂದ ಈಗ ಸಿಗುವುದು ಹಳೆಯ ದಾಸ್ತಾನು ಅಥವಾ ಒಮ್ಮೆ ಕಟ್ಟಿ ಬಿಚ್ಚಿದ ಸೆಟ್. ಬಳಸಿದ ಸೆಟ್ ಕೊಳ್ಳುವವರು ಬಿಡಿಭಾಗಗಳ ಎಣಿಕೆಗಿಂತ ಮೊದಲು ಎರಡು ಹಬ್‌ಗಳನ್ನೂ ಏಳು ಮೋಟರ್‌ಗಳನ್ನೂ ಓಡಿಸಿ ತೋರಿಸುವಂತೆ ಮಾರುವವರನ್ನು ಕೇಳಬೇಕು. ಬೀಮು, ಪಿನ್‌ಗಳು ಕಳೆದಿದ್ದರೆ ಬ್ರಿಕ್‌ಲಿಂಕ್‌ನಂತಹ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಒಂದೊಂದಾಗಿಯೇ ಸಿಗುತ್ತವೆ. ಹಬ್ ಅಥವಾ ಮೋಟರ್ ಕೆಟ್ಟಿದ್ದರೆ ಬೀಳುವ ಖರ್ಚು ಬೇರೆ ಮಟ್ಟದ್ದು. ಹಬ್‌ನ ಬ್ಯಾಟರಿ ಮುಚ್ಚಳ ತೆಗೆದು ಲೋಹದ ಪಟ್ಟಿಗಳನ್ನು ನೋಡಿ. ಹಿಂದಿನವರು ಸೆಲ್‌ಗಳನ್ನು ಒಳಗೇ ಬಿಟ್ಟಿದ್ದರೆ ಅವು ಸೋರಿ, ಪಟ್ಟಿಯ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿರುತ್ತದೆ.

ಈ ಮಾದರಿಗೆ ಕೈಯಲ್ಲಿ ಹಿಡಿಯುವ ರಿಮೋಟ್ ಇಲ್ಲ. ಕಂಟ್ರೋಲ್ ಪ್ಲಸ್ ಎಂಬ ಆ್ಯಪ್‌ನ ಮೂಲಕ, ಬ್ಲೂಟೂತ್ ಸಂಪರ್ಕದಲ್ಲಿ ಫೋನ್ ಅಥವಾ ಟ್ಯಾಬ್ಲೆಟ್‌ನಿಂದಲೇ ಇದನ್ನು ನಡೆಸಬೇಕು. ಆದ್ದರಿಂದ ಒಂದು ಪಿನ್ ಕೂಡ ಜೋಡಿಸುವ ಮೊದಲು ನಿಮ್ಮ ಫೋನಿನಲ್ಲಿ ಆ ಆ್ಯಪ್ ತೆರೆದುಕೊಳ್ಳುತ್ತದೆಯೇ, ಎರಡೂ ಹಬ್‌ಗಳನ್ನು ಗುರುತಿಸುತ್ತದೆಯೇ ಎಂದು ನೋಡಿಕೊಳ್ಳಿ.

ಪ್ರತಿ ಹಬ್‌ಗೆ ಆರರಂತೆ ಹನ್ನೆರಡು ಎಎ ಸೆಲ್‌ಗಳು ಬೇಕು. ಸಾಧಾರಣ ಆಲ್ಕಲೈನ್ ಸೆಲ್ 1.5 ವೋಲ್ಟ್ ಕೊಟ್ಟರೆ ಚಾರ್ಜ್ ಮಾಡಬಹುದಾದ ನಿಕ್ಕಲ್ ಸೆಲ್ 1.2 ವೋಲ್ಟ್ ಕೊಡುತ್ತದೆ. ಆರು ಸೆಲ್‌ಗಳಲ್ಲಿ ಅದು 9 ಮತ್ತು 7.2 ವೋಲ್ಟ್‌ಗಳ ವ್ಯತ್ಯಾಸವಾಗುತ್ತದೆ. ಮಕ್ಕಳು ದಿನವೂ ಆಡುವ ಮನೆಯಲ್ಲಿ ಚಾರ್ಜ್ ಮಾಡುವ ಸೆಲ್‌ಗಳೇ ಲಾಭ, ಆದರೆ ಬೂಮ್, ಅಂದರೆ ತೋಳನ್ನೂ ಬಕೆಟ್ಟನ್ನೂ ಹೊತ್ತ ಬುಡದ ಭಾಗ, ಸ್ವಲ್ಪ ನಿಧಾನವಾಗಿ ಏಳುತ್ತದೆ ಎಂಬುದು ತಿಳಿದಿರಲಿ. ಒಂದೇ ಹಬ್‌ನಲ್ಲಿ ಹೊಸ ಸೆಲ್ ಮತ್ತು ಹಳೆಯ ಸೆಲ್‌ಗಳನ್ನು ಬೆರೆಸಬಾರದು.

ಯಂತ್ರವನ್ನು ಮೊದಲು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು

ನಮ್ಮ ಊರುಗಳಲ್ಲಿ ಚೈನಿನ ಮೇಲೆ ಓಡುವ ಅಗೆಯುವ ಯಂತ್ರವನ್ನು, ತಯಾರಿಸಿದ ಕಂಪನಿ ಯಾವುದೇ ಇರಲಿ, ಹಿಟಾಚಿ ಎಂದೇ ಕರೆಯುವ ರೂಢಿಯಿದೆ. ಕೆರೆಯ ಹೂಳು ತೆಗೆಯುವ, ಪಾಯ ತೋಡುವ ಆ ಯಂತ್ರಗಳ ಬಕೆಟ್ ಮಣ್ಣನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಈ ಮಾದರಿಯ ಬಕೆಟ್ ಹಾಗಲ್ಲ. ಗಣಿಯ ಗೋಡೆಯ ಬುಡಕ್ಕೆ ಮುಂದಕ್ಕೆ ನುಗ್ಗಿ, ಮೇಲಕ್ಕೆ ಬಾಚಿಕೊಂಡು, ಲಾರಿಯ ಮೇಲೆ ಬಂದಾಗ ಬಾಯಿ ತೆರೆದು ಸುರಿಯುವ ಬಗೆಯದು. ಈ ವ್ಯತ್ಯಾಸ ತಿಳಿದಿದ್ದರೆ ಏಳು ಮೋಟರ್‌ಗಳು ಏಕೆ ಬೇಕೆಂಬುದು ತಾನಾಗಿ ತಿಳಿಯುತ್ತದೆ. ಎಡ ಚೈನಿಗೆ ಒಂದು, ಬಲ ಚೈನಿಗೆ ಒಂದು, ಮೇಲಿನ ಭಾಗವನ್ನು ತಿರುಗಿಸಲು ಒಂದು, ಬೂಮ್ ಎತ್ತಲು ಒಂದು, ತೋಳನ್ನು ಚಾಚಲು ಒಂದು, ಬಕೆಟ್ ಬಾಗಿಸಲು ಒಂದು, ಬಕೆಟ್‌ನ ಬಾಯಿ ತೆರೆಯಲು ಒಂದು. 2010ರಲ್ಲಿ ಬಂದ 8043 ಸಂಖ್ಯೆಯ 1123 ಭಾಗಗಳ ಎಕ್ಸ್‌ಕವೇಟರ್ ನಾಲ್ಕೇ ಮೋಟರ್‌ಗಳಲ್ಲಿ ಕೆಲಸ ಮುಗಿಸುತ್ತಿತ್ತು. ಇಲ್ಲಿ ಒಂದೊಂದು ಕೆಲಸಕ್ಕೂ ತನ್ನದೇ ಮೋಟರ್ ಇರುವುದರಿಂದ, ತಿರುಗುತ್ತಲೇ ಬೂಮ್ ಎತ್ತಿ ತೋಳನ್ನೂ ಚಾಚುವ ನಿಜವಾದ ಆಪರೇಟರ್‌ನ ಚಲನೆ ಸಾಧ್ಯವಾಗುತ್ತದೆ.

ಒಂದು ಹಬ್‌ಗೆ ನಾಲ್ಕು ಮೋಟರ್‌ಗಳನ್ನಷ್ಟೇ ಸಿಕ್ಕಿಸಬಹುದು. ಚೈನಿನ ಎರಡು ಮೋಟರ್ ಮತ್ತು ತಿರುಗಿಸುವ ಮೋಟರ್ ಕೆಳಗಿನ ಹಬ್‌ಗೆ, ಉಳಿದ ನಾಲ್ಕು ಮೇಲಿನ ಹಬ್‌ಗೆ ಸೇರುತ್ತವೆ. ಎರಡು ಹಬ್‌ಗಳ ನಡುವೆ ತಂತಿಯೇ ಇಲ್ಲದ ಕಾರಣ ಮೇಲಿನ ಭಾಗ ಎಷ್ಟು ಸುತ್ತು ಬೇಕಾದರೂ ತಿರುಗಬಲ್ಲದು; ತಂತಿ ಮುರಿದು ಹೋಗುವ ಭಯವಿಲ್ಲ. ಈ ಜಾಣ್ಮೆಯೇ ಈ ವಿನ್ಯಾಸದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು.

ಪಿನ್ ಮತ್ತು ಆಕ್ಸಲ್‌ಗಳ ಗುರುತು

ಸಂಖ್ಯೆ ಹಾಕಿದ ಚೀಲಗಳನ್ನು ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ. ಆ ಹಂತಕ್ಕೆ ಬೇಕಾದ ಚೀಲಗಳನ್ನಷ್ಟೇ ತೆರೆದು, ಅಂಚಿರುವ ಸ್ಟೀಲ್ ತಟ್ಟೆಗಳಲ್ಲಿ ಅಥವಾ ಮೊರದಲ್ಲಿ ಹರಡಿಕೊಳ್ಳಿ. ಪಿನ್‌ಗಳಿಗೆ ಒಂದು ತಟ್ಟೆ, ಆಕ್ಸಲ್ ಮತ್ತು ಗಿಯರ್‌ಗಳಿಗೆ ಒಂದು, ಬೀಮು ಮತ್ತು ಪ್ಯಾನೆಲ್‌ಗಳಿಗೆ ಒಂದು ಎಂದು ಬೇರ್ಪಡಿಸಿದರೆ ಸಾಕು. ಅದಕ್ಕಿಂತ ಸೂಕ್ಷ್ಮವಾಗಿ ವಿಂಗಡಿಸಲು ಹೋದರೆ ಕಟ್ಟುವ ಸಮಯವೆಲ್ಲ ಅದಕ್ಕೇ ಹೋಗುತ್ತದೆ.

ಇಲ್ಲಿ ಬಣ್ಣ ಅಲಂಕಾರಕ್ಕಲ್ಲ, ಕೆಲಸಕ್ಕೆ. ಎರಡು ರಂಧ್ರದ ಉದ್ದದ ಕಪ್ಪು ಪಿನ್‌ಗೆ ಮೈಮೇಲೆ ಸಣ್ಣ ಗೆರೆಗಳಿವೆ. ಅದು ರಂಧ್ರದಲ್ಲಿ ಬಿಗಿಯಾಗಿ ಹಿಡಿಯುತ್ತದೆ. ಅದೇ ಅಳತೆಯ ಬೂದು ಪಿನ್ ನುಣುಪಾಗಿದ್ದು ಸಲೀಸಾಗಿ ತಿರುಗುತ್ತದೆ. ಮೂರು ರಂಧ್ರದ ಉದ್ದದವುಗಳಲ್ಲಿ ನೀಲಿಯದು ಬಿಗಿ, ತಿಳಿ ಕಂದಿನದು ಸಡಿಲ. ಒಂದು ಬದಿ ಪಿನ್, ಇನ್ನೊಂದು ಬದಿ ಆಕ್ಸಲ್ ಇರುವ ಭಾಗಕ್ಕೂ ಇದೇ ನಿಯಮ: ನೀಲಿ ಬಿಗಿ, ತಿಳಿ ಕಂದು ಸಡಿಲ. ಚೌಕಟ್ಟಿನ ಕೀಲುಗಳಿಗೆ ಬಿಗಿಯಾದವು, ಚಲಿಸುವ ಕೀಲುಗಳಿಗೆ ಸಡಿಲವಾದವು ಬರುತ್ತವೆ. ಬೂಮ್‌ನ ಬುಡದ ಕೀಲಿನಲ್ಲಿ ತಪ್ಪಿ ಒಂದು ಬಿಗಿ ಪಿನ್ ಕೂತರೆ ಮೋಟರ್ ತನ್ನ ಬಲದಲ್ಲಿ ಒಂದು ಪಾಲನ್ನು ಅದನ್ನು ಉಜ್ಜುವುದಕ್ಕೇ ಕಳೆಯುತ್ತದೆ. ಸಂಜೆಯ ಹಳದಿ ದೀಪದಲ್ಲಿ ಬೂದು ಮತ್ತು ತಿಳಿ ಕಂದು ಒಂದೇ ರೀತಿ ಕಾಣುವುದರಿಂದ ಬಿಳಿ ಬೆಳಕಿನ ದೀಪ ಇಟ್ಟುಕೊಳ್ಳುವುದು ಒಳ್ಳೆಯದು.

ಆಕ್ಸಲ್‌ನ ಉದ್ದವನ್ನು ರಂಧ್ರಗಳ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ರಂಧ್ರದ ಅಂತರ 8 ಮಿಲಿಮೀಟರ್. ಕೈಪಿಡಿಯಲ್ಲಿ ಆಕ್ಸಲ್‌ಗಳನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿರುವ ಕಡೆ ಆಕ್ಸಲನ್ನು ಆ ಚಿತ್ರದ ಮೇಲೇ ಇಟ್ಟು ನೋಡಿ. ಕೈಪಿಡಿಯನ್ನು ಫೋನಿನಲ್ಲಿ ನೋಡುತ್ತಾ ಕಟ್ಟುವವರಿಗೆ ಈ ಅನುಕೂಲ ಇಲ್ಲ. ಅವರು ಉದ್ದ ಗೊತ್ತಿರುವ ಬೀಮನ್ನು ಪಕ್ಕದಲ್ಲಿಟ್ಟು ರಂಧ್ರ ಎಣಿಸಬೇಕು.

ಕೆಳಗಿನ ಗಾಡಿ ಮತ್ತು ಚೈನ್

ಕೆಳಗಿನ ಚೌಕಟ್ಟಿನ ಮೇಲೆ ಇಡೀ ಯಂತ್ರದ ಭಾರ ಬೀಳುತ್ತದೆ. ಇಲ್ಲಿ ಪಿನ್‌ಗಳು ಅರ್ಧ ಕೂತರೆ ಚೌಕಟ್ಟು ಓರೆಯಾಗುತ್ತದೆ, ಚೌಕಟ್ಟು ಓರೆಯಾದರೆ ಅದರಲ್ಲಿರುವ ಆಕ್ಸಲ್‌ಗಳು ಬಾಗುತ್ತವೆ. ಪ್ರತಿ ಪಿನ್ನೂ ಟಕ್ಕೆಂದು ಕೂರುವವರೆಗೆ ಒತ್ತಿ, ಬೀಮುಗಳ ನಡುವೆ ಬೆಳಕು ಕಾಣುತ್ತದೆಯೇ ಎಂದು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ.

ಚೈನಿನ ಮೋಟರ್ ಇರಿಸುವ ಮೊದಲು ಅದರ ಗಿಯರ್ ಸಾಲನ್ನು ಬೆರಳಿನಿಂದ ತಿರುಗಿಸಬೇಕು. ಪೂರ್ತಿ ಒಂದು ಸುತ್ತು ಒಂದೇ ಸಮನೆ ತಿರುಗಿದರೆ ಸರಿ. ಸುತ್ತಿನ ಒಂದು ಜಾಗದಲ್ಲಿ ಮಾತ್ರ ಬಿಗಿಯಾದರೆ ಯಾವುದೋ ಆಕ್ಸಲ್ ಬಾಗಿದೆ ಅಥವಾ ಗಿಯರಿನ ಹಲ್ಲಿನಲ್ಲಿ ಏನೋ ಸಿಕ್ಕಿದೆ ಎಂದು ತಿಳಿಯಿರಿ. ಸುತ್ತಿನುದ್ದಕ್ಕೂ ಬಿಗಿಯಾಗಿದ್ದರೆ ಬುಷ್ ಅಥವಾ ಗಿಯರ್ ಬೀಮಿಗೆ ಒತ್ತಿಕೊಂಡಿರುತ್ತದೆ. ಈ ಎರಡನೆಯ ದೋಷಕ್ಕೆ ಪರಿಹಾರ ಸುಲಭ: ಉಗುರಿನ ದಪ್ಪದಷ್ಟು ಜಾಗ ಉಳಿಯುವಂತೆ ಬುಷ್ಷನ್ನು ಹಿಂದಕ್ಕೆ ಸರಿಸಿದರೆ ಆಯಿತು. ಮುಚ್ಚಿದ ಮೇಲೆ ಇದೇ ಕೆಲಸಕ್ಕೆ ನಲವತ್ತು ಭಾಗಗಳನ್ನು ಬಿಚ್ಚಬೇಕಾಗುತ್ತದೆ.

ಚೈನಿನ ಕೊಂಡಿಗಳನ್ನು ಒಂದಕ್ಕೊಂದು ಸಿಕ್ಕಿಸುವುದು ಬೇಸರದ ಕೆಲಸ. ಮನೆಯ ಮಕ್ಕಳಿಗೆ ವಹಿಸಬಹುದು. ಎಲ್ಲ ಕೊಂಡಿಗಳೂ ಒಂದೇ ದಿಕ್ಕಿಗೆ ಇರುವಂತೆ ನೋಡಿಕೊಂಡು, ಕೈಪಿಡಿ ಹೇಳಿದಷ್ಟನ್ನೇ ಎಣಿಸಿ ಹಾಕಿ. ಬಿಗಿಯಾಗಲೆಂದು ಒಂದು ಕೊಂಡಿ ಕಡಿಮೆ ಮಾಡಿದರೆ ಎರಡು ತುದಿಯ ಚಕ್ರಗಳ ಆಕ್ಸಲ್‌ಗಳು ಒಳಕ್ಕೆ ಬಾಗುತ್ತವೆ. ಚೈನ್ ಕೆಳಗಡೆ ನೆಲಕ್ಕೆ ಒತ್ತಿ, ಮೇಲ್ಗಡೆ ಸ್ವಲ್ಪ ಜೋತು ಬಿದ್ದಿರುವುದೇ ಸರಿಯಾದ ಸ್ಥಿತಿ.

ತಿರುಗುವ ಚಕ್ರ

ಕೆಳಗಿನ ಗಾಡಿ ಮತ್ತು ಮೇಲಿನ ಭಾಗವನ್ನು ಸೇರಿಸುವ ಟರ್ನ್‌ಟೇಬಲನ್ನು ಜೋಡಿಸುವಾಗ ಸುತ್ತಲಿನ ಎಲ್ಲ ಪಿನ್‌ಗಳನ್ನೂ ಸಮವಾಗಿ ಒತ್ತಬೇಕು. ಒಂದು ಮೂಲೆ ಎತ್ತರವಾಗಿ ಉಳಿದರೆ, ಬೂಮ್ ಮುಂದಕ್ಕೆ ಚಾಚಿದಾಗ ಇಡೀ ಭಾರ ಆ ಮೂಲೆಯ ಮೇಲೆ ಬಿದ್ದು ತಿರುಗುವಾಗ ಕರಕರ ಸದ್ದು ಬರುತ್ತದೆ. ತಿರುಗಿಸುವ ಸಣ್ಣ ಗಿಯರ್ ಟರ್ನ್‌ಟೇಬಲಿನ ಹಲ್ಲಿಗೆ ಪೂರ್ತಿ ಕೂತಿದೆಯೇ ಎಂದೂ ನೋಡಿ. ಈ ಹಂತದಲ್ಲಿ ಕೆಳಗಿನ ಹಬ್‌ಗೆ ಸೆಲ್ ಹಾಕಿ ಮೂರೂ ಮೋಟರ್‌ಗಳನ್ನು ಓಡಿಸಿ ನೋಡುವುದು ಅತ್ಯಗತ್ಯ. ಈ ಮಾದರಿಯ ಆ್ಯಪ್ ಪೂರ್ತಿ ಯಂತ್ರವನ್ನೇ ನಿರೀಕ್ಷಿಸುವುದರಿಂದ, ಒಂಟಿ ಹಬ್ ಪರೀಕ್ಷಿಸಲು ಲೆಗೊದ ಪವರ್ಡ್ ಅಪ್ ಆ್ಯಪ್ ಅನುಕೂಲ. ಅದರಲ್ಲಿ ಬೇಕಾದ ಒಂದು ಮೋಟರನ್ನು ಮಾತ್ರ ಓಡಿಸಬಹುದು.

ಮೇಲಿನ ಭಾಗ ಮತ್ತು ತಂತಿಗಳು

ಮೇಲಿನ ಭಾಗದಲ್ಲಿ ನಾಲ್ಕು ಮೋಟರ್‌ಗಳ ತಂತಿಗಳು ಒಂದೇ ಹಬ್‌ಗೆ ಬರುತ್ತವೆ. ಈ ತಂತಿಗಳು ಮೋಟರಿಗೇ ಅಂಟಿಕೊಂಡಿರುವುದರಿಂದ ಬೇರೆ ಉದ್ದದ್ದನ್ನು ಹಾಕಿಕೊಳ್ಳುವಂತಿಲ್ಲ. ಕೈಪಿಡಿ ತೋರಿಸಿದ ದಾರಿಯಲ್ಲೇ ಸಾಗಿಸಬೇಕು. ಹಬ್‌ನ ಜಾಗಗಳಿಗೆ ಎ, ಬಿ, ಸಿ, ಡಿ ಎಂಬ ಗುರುತುಗಳಿವೆ. ಸಿಕ್ಕಿಸುವ ಮೊದಲೇ ಪ್ರತಿ ತಂತಿಯ ತುದಿಗೆ ಕಾಗದದ ಚೂರು ಅಂಟಿಸಿ, ಅದು ಯಾವ ಮೋಟರಿನದು, ಯಾವ ಅಕ್ಷರಕ್ಕೆ ಹೋಗಬೇಕು ಎಂದು ಬರೆದುಕೊಂಡರೆ ಮುಂದೆ ಆ್ಯಪ್‌ನಲ್ಲಿ ಬೂಮ್ ಎತ್ತಲು ಹೋಗಿ ಬಕೆಟ್ ತೆರೆದುಕೊಳ್ಳುವ ಗೊಂದಲ ಇರುವುದಿಲ್ಲ. ಉಳಿದ ತಂತಿಯನ್ನು ಸುತ್ತಿ ಗಿಯರ್‌ಗಳಿಂದ ದೂರ ಒತ್ತಿ ಇಡಿ. ಪ್ಯಾನೆಲ್ ಹಾಕುವ ಮುನ್ನ ಒಂದು ಫೋಟೋ ತೆಗೆದಿಟ್ಟುಕೊಂಡರೆ, ಮುಂದೆ ರಿಪೇರಿಗೆ ಬಿಚ್ಚುವಾಗ ತುಂಬಾ ನೆರವಾಗುತ್ತದೆ.

ಬೂಮ್, ತೋಳು, ಬಕೆಟ್

ನಿಜವಾದ ಯಂತ್ರದಲ್ಲಿ ಬೂಮನ್ನು ಎತ್ತುವುದು ಎಣ್ಣೆಯ ಒತ್ತಡದಿಂದ ಚಾಚುವ ಸಿಲಿಂಡರ್. ಮಾದರಿಯಲ್ಲಿ ಆ ಕೆಲಸವನ್ನು ಲೀನಿಯರ್ ಆಕ್ಚುಯೇಟರ್ ಮಾಡುತ್ತದೆ. ಅದರ ಒಳಗೆ ಒಂದು ಉದ್ದನೆಯ ಸ್ಕ್ರೂ ಇದ್ದು, ಬುಡದ ಆಕ್ಸಲ್ ತಿರುಗಿದಂತೆ ಕೋಲು ನಿಧಾನವಾಗಿ ಹೊರಗೆ ಬರುತ್ತದೆ ಅಥವಾ ಒಳಗೆ ಹೋಗುತ್ತದೆ. ಇದರಲ್ಲಿ ಎರಡು ಒಳ್ಳೆಯ ಗುಣಗಳಿವೆ. ಮೋಟರ್ ನಿಂತರೂ ಬೂಮ್ ತನ್ನ ಭಾರಕ್ಕೆ ಕೆಳಗೆ ಬೀಳುವುದಿಲ್ಲ, ಏಕೆಂದರೆ ಕೋಲನ್ನು ಒತ್ತಿ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ. ಕೋಲು ತುದಿಗೆ ತಲುಪಿದಾಗ ಒಳಗಿನ ಕ್ಲಚ್ ಜಾರಿ ಟಕಟಕ ಸದ್ದು ಮಾಡುತ್ತದೆ, ಹೀಗಾಗಿ ಮೋಟರ್ ಸುಡುವುದಿಲ್ಲ.

ಆಕ್ಚುಯೇಟರ್‌ಗಳು ಎರಡೆರಡಾಗಿ, ಒಂದೇ ಮೋಟರಿನಿಂದ ಕೆಲಸ ಮಾಡುವ ಕಡೆ ಬಹಳ ಎಚ್ಚರ ಬೇಕು. ಜೋಡಿಯ ಎರಡೂ ಕೋಲುಗಳು ಒಂದೇ ಉದ್ದಕ್ಕೆ ಹೊರಬಂದಿರಬೇಕು. ಒಂದು ಕೋಲು ಒಂದೆರಡು ಮಿಲಿಮೀಟರ್ ಮುಂದಿದ್ದರೂ ಭಾರವೆಲ್ಲ ಅದರ ಮೇಲೆ ಬೀಳುತ್ತದೆ, ಇನ್ನೊಂದು ಸುಮ್ಮನೆ ಹಿಂಬಾಲಿಸುತ್ತದೆ, ಬೂಮ್ ಸ್ವಲ್ಪ ತಿರುಚಿಕೊಂಡು ಏಳುತ್ತದೆ. ಮೇಲಿನಿಂದ ನೋಡಿದರೆ ಕಾಣದ ಈ ತಿರುಚು, ಮುಂದಿನಿಂದ ನೋಡಿದರೆ ಬಕೆಟ್ ಒಂದು ಬದಿಗೆ ವಾಲಿರುವುದರಲ್ಲಿ ಕಾಣುತ್ತದೆ.

ಇದನ್ನು ತಪ್ಪಿಸುವ ಕ್ರಮ ಹೀಗಿದೆ. ಆಕ್ಚುಯೇಟರ್‌ಗಳನ್ನು ಮಾದರಿಗೆ ಹಾಕುವ ಮೊದಲು ಒಂದೊಂದನ್ನೂ ಕೈಯಿಂದ ತಿರುಗಿಸಿ, ಕ್ಲಚ್ಚಿನ ಸದ್ದು ಬರುವವರೆಗೆ ಪೂರ್ತಿ ಒಳಕ್ಕೆ ಎಳೆಯಿರಿ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ತುದಿಗಳು ಸಮ ಇವೆಯೇ ನೋಡಿ. ಆ ಸ್ಥಿತಿಯಲ್ಲೇ ಬುಡದ ಗಿಯರ್‌ಗಳಿಗೆ ಸೇರಿಸಿ, ಆಮೇಲೆ ಕೈಪಿಡಿ ತೋರಿಸಿದಷ್ಟು ಉದ್ದಕ್ಕೆ ಒಟ್ಟಿಗೇ ಹೊರತನ್ನಿ. ಕಟ್ಟಿ ಮುಗಿದ ಮೇಲೆ ವ್ಯತ್ಯಾಸ ಕಂಡುಬಂದರೂ ಬಿಚ್ಚುವ ಅಗತ್ಯ ಅನೇಕ ಬಾರಿ ಬರುವುದಿಲ್ಲ: ಕೋಲುಗಳ ತುದಿಯ ಪಿನ್‌ಗಳನ್ನಷ್ಟೇ ತೆಗೆದು ಮೋಟರಿನಿಂದ ಎರಡನ್ನೂ ಪೂರ್ತಿ ಒಳಕ್ಕೆ ಎಳೆಸಿ. ಮೊದಲು ತುದಿ ಮುಟ್ಟಿದ್ದರ ಕ್ಲಚ್ ಜಾರುತ್ತಾ ಕಾಯುತ್ತದೆ, ಹಿಂದುಳಿದದ್ದು ಬಂದು ಸೇರುತ್ತದೆ, ಎರಡೂ ಸಮವಾಗುತ್ತವೆ. ಈ ಉಪಾಯ ತಿಳಿಯದೆ ಇಡೀ ಬೂಮನ್ನು ಬಿಚ್ಚಿದವರನ್ನು ನಾನು ಬಲ್ಲೆ.

ಬಕೆಟ್‌ನ ಬಾಯಿ ತೆರೆಯುವ ಕೀಲುಗಳು ಸಲೀಸಾಗಿ ಆಡಬೇಕು. ಅಲ್ಲಿ ಸಡಿಲ ಪಿನ್‌ಗಳೇ ಇವೆ ಎಂದು ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ. ಬಕೆಟ್ ತೋಳಿನ ತುದಿಯಲ್ಲಿರುವುದರಿಂದ ಅಲ್ಲಿನ ಪ್ರತಿ ಗ್ರಾಮ್ ಭಾರವೂ ಬೂಮ್‌ನ ಮೋಟರಿಗೆ ಹಲವು ಪಟ್ಟಾಗಿ ತಾಗುತ್ತದೆ. ಅಂದಕ್ಕೆಂದು ಅಲ್ಲಿ ಹೆಚ್ಚಿನ ಭಾಗಗಳನ್ನು ಸೇರಿಸಬೇಡಿ.

ಮೊದಲ ಚಾಲನೆ

ಎರಡೂ ಹಬ್‌ಗಳ ಗುಂಡಿ ಒತ್ತಿ, ಆ್ಯಪ್‌ನಲ್ಲಿ ಮಾದರಿಯನ್ನು ಆರಿಸಿ, ಎರಡೂ ಸೇರಿಕೊಂಡಿವೆಯೇ ಎಂದು ನೋಡಿ. ಮೋಟರ್‌ಗಳಲ್ಲಿ ಎಷ್ಟು ತಿರುಗಿದೆ ಎಂದು ಅಳೆಯುವ ಸಂವೇದಕಗಳಿವೆ. ಆ್ಯಪ್ ಕೇಳುವ ಕ್ಯಾಲಿಬ್ರೇಶನ್ ಮುಗಿಸಿದರೆ ಬೂಮ್ ಮತ್ತು ತೋಳು ಎಲ್ಲಿವೆ ಎಂಬುದು ಅದಕ್ಕೆ ತಿಳಿಯುತ್ತದೆ. ಕ್ಯಾಲಿಬ್ರೇಶನ್ ನಡೆಯುವಾಗ ಕೈ ಅಡ್ಡ ಇಡಬೇಡಿ, ಯಂತ್ರವನ್ನು ಎತ್ತಬೇಡಿ. ಅರ್ಧದಲ್ಲಿ ನಿಂತರೆ ತಪ್ಪು ಅಂಕಿ ಉಳಿದುಕೊಂಡು ಬೂಮ್ ಪೂರ್ತಿ ಏಳದೆ ನಿಲ್ಲುತ್ತದೆ.

ಮೊದಲು ಒಂದು ಸಲಕ್ಕೆ ಒಂದೇ ಚಲನೆ ಮಾಡಿ. ಏನಾದರೂ ನಿಂತರೆ ಹತ್ತು ಸಲ ಗುಂಡಿ ಒತ್ತುವುದರ ಬದಲು ಸದ್ದನ್ನು ಕೇಳಿ. ಮೋಟರ್ ಗುಂಯ್ ಎನ್ನುತ್ತಾ ಏನೂ ಅಲ್ಲಾಡದಿದ್ದರೆ ಗಿಯರ್ ಸಾಲು ಎಲ್ಲೋ ಬಿಗಿದಿದೆ. ಕಟಕಟ ಎಂದು ಹಲ್ಲು ಜಾರುವ ಸದ್ದು ಬಂದರೆ ಎರಡು ಗಿಯರ್‌ಗಳು ದೂರ ಸರಿದಿವೆ; ಅವನ್ನು ಹಿಡಿದಿರುವ ಬೀಮಿನ ಪಿನ್ ಸಡಿಲವಾಗಿರಬೇಕು. ಸದ್ದೇ ಇಲ್ಲದಿದ್ದರೆ ತಂತಿ ಅಥವಾ ಸೆಲ್ ನೋಡಿ. ಒಂದು ಚೈನ್ ಮಾತ್ರ ನಿಧಾನವಾಗಿ ಯಂತ್ರ ಓರೆಯಾಗಿ ಸಾಗಿದರೆ ಆ ಬದಿಯನ್ನು ನೆಲದಿಂದ ಎತ್ತಿ ಓಡಿಸಿ. ಗಾಳಿಯಲ್ಲಿ ಸಮವಾಗಿ ಓಡಿದರೆ ದೋಷ ಚೈನಿನ ಬಿಗಿಯಲ್ಲಿದೆ, ಗಾಳಿಯಲ್ಲೂ ನಿಧಾನವಾದರೆ ಒಳಗಿನ ಗಿಯರ್‌ನಲ್ಲಿದೆ.

ಸ್ವಂತ ವಿನ್ಯಾಸಕ್ಕೆ ಹೊರಡುವವರಿಗೆ

ದುಬಾರಿ ಸೆಟ್ ಬೇಡ, ಇರುವ ಭಾಗಗಳಲ್ಲೇ ಕಟ್ಟುತ್ತೇನೆ ಎನ್ನುವವರು ಮೊದಲು ಗಿಯರಿನ ಲೆಕ್ಕ ಕಲಿಯಬೇಕು. ಮೋಟರಿನ ಕಡೆ 8 ಹಲ್ಲಿನ ಗಿಯರ್, ಚಕ್ರದ ಕಡೆ 24 ಹಲ್ಲಿನದು ಇದ್ದರೆ ವೇಗ ಮೂರನೇ ಒಂದಕ್ಕೆ ಇಳಿದು ಬಲ, ಘರ್ಷಣೆಯ ನಷ್ಟ ಬಿಟ್ಟು, ಮೂರು ಪಟ್ಟಾಗುತ್ತದೆ. 12 ಹಲ್ಲಿನ ಗಿಯರ್ 60 ಹಲ್ಲಿನ ಟರ್ನ್‌ಟೇಬಲನ್ನು ತಿರುಗಿಸಿದರೆ ಐದು ಪಟ್ಟು. ಸ್ಕ್ರೂವಿನಂತೆ ಸುರುಳಿ ಹಲ್ಲಿರುವ ವರ್ಮ್ ಗಿಯರ್ ಒಂದು ಸುತ್ತಿಗೆ ಒಂದೇ ಹಲ್ಲನ್ನು ದೂಡುವುದರಿಂದ 24 ಹಲ್ಲಿನ ಗಿಯರಿನೊಡನೆ ಇಪ್ಪತ್ತನಾಲ್ಕು ಪಟ್ಟು ಇಳಿಕೆ ಸಿಗುತ್ತದೆ. ಭಾರದ ಯಂತ್ರದ ಚೈನಿಗೆ ಮೂರು ಪಟ್ಟು ಸಾಲದು. ಇನ್ನೊಂದು ಹಂತ ಸೇರಿಸಿ ಒಂಬತ್ತು ಪಟ್ಟಿನ ಆಸುಪಾಸಿಗೆ ತಂದರೆ ಯಂತ್ರ ತನ್ನ ಭಾರಕ್ಕೆ ತಕ್ಕ ಗಾಂಭೀರ್ಯದಿಂದ ನಡೆಯುತ್ತದೆ. ದೊಡ್ಡ ಇಳಿಕೆಯನ್ನು ಆದಷ್ಟು ಚಕ್ರದ ಹತ್ತಿರವೇ ಇಡಿ, ಆಗ ನಡುವಿನ ಉದ್ದದ ಆಕ್ಸಲ್‌ಗಳ ಮೇಲೆ ತಿರುಚುವ ಬಲ ಕಡಿಮೆ ಬೀಳುತ್ತದೆ. ಬೂಮ್ ಚಾಚಿದಾಗ ಯಂತ್ರ ಮುಗ್ಗರಿಸದಂತೆ ಸೆಲ್‌ಗಳಿರುವ ಹಬ್‌ನಂತಹ ಭಾರದ ಭಾಗಗಳನ್ನು ಹಿಂಬದಿಗೆ ಇರಿಸುವುದು ಒಳ್ಳೆಯದು. ಚೈನ್, ಟರ್ನ್‌ಟೇಬಲ್, ಬೂಮ್ ಮೂರನ್ನೂ ಬೇರೆ ಬೇರೆಯಾಗಿ ಕಟ್ಟಿ, ಒಂದೊಂದನ್ನೂ ಓಡಿಸಿ ನೋಡಿ, ಸರಿಯಿದ್ದರೆ ಮಾತ್ರ ಒಂದಕ್ಕೊಂದು ಸೇರಿಸಿ.

ಕಟ್ಟಿದ ಮೇಲೆ

ಮಾದರಿಯನ್ನು ಎತ್ತುವಾಗ ಬೂಮ್ ಅಥವಾ ಮೇಲಿನ ಪ್ಯಾನೆಲ್ ಹಿಡಿಯಬೇಡಿ. ಎರಡೂ ಕೈಗಳನ್ನು ಕೆಳಗಿನ ಚೌಕಟ್ಟಿನ ಅಡಿಗೆ ಹಾಕಿ. ಕಪಾಟಿನಲ್ಲಿ ಇಡುವಾಗ ಬಕೆಟ್ಟನ್ನು ನೆಲಕ್ಕೆ ಊರಿ ನಿಲ್ಲಿಸಿದರೆ ಆಕ್ಚುಯೇಟರ್‌ಗಳ ಮೇಲೆ ಸದಾ ಭಾರ ಇರುವುದಿಲ್ಲ. ಬಿಸಿಲು ನೇರ ಬೀಳುವ ಕಿಟಕಿಯ ಪಕ್ಕ ಇಟ್ಟರೆ ಬಿಳಿ ಮತ್ತು ಬೂದು ಭಾಗಗಳು ಹಳದಿಗೆ ತಿರುಗುತ್ತವೆ. ಧೂಳು ಹೊಡೆಯಲು ಒಣಗಿದ ಮೆತ್ತನೆಯ ಬಣ್ಣದ ಬ್ರಷ್ ಸಾಕು. ಗಿಯರ್‌ಗಳಿಗೆ ಎಣ್ಣೆ, ಗ್ರೀಸ್ ಹಾಕುವ ಅಗತ್ಯವಿಲ್ಲ, ಹಾಕಿದರೆ ಧೂಳು ಅಲ್ಲೇ ಅಂಟಿಕೊಳ್ಳುತ್ತದೆ. ಒಂದು ತಿಂಗಳಿಗಿಂತ ಹೆಚ್ಚು ಓಡಿಸುವುದಿಲ್ಲ ಎಂದಾದರೆ ಹನ್ನೆರಡೂ ಸೆಲ್‌ಗಳನ್ನು ತೆಗೆದು, ಒಂದು ಚೀಲದಲ್ಲಿ ಹಾಕಿ, ಕೈಪಿಡಿ ಮತ್ತು ಉಳಿದ ಪಿನ್‌ಗಳ ಜೊತೆ ಪೆಟ್ಟಿಗೆಯಲ್ಲೇ ಇಡಿ.